ಒಗ್ಗರಣೆಗೊಂದು ಗಿಡ, ಚಿಟ್ಟೆಗೊಂದು ಗಿಡ

ಮಕ್ಕಳೇ, ಮಕ್ಕಳ ಅಜ್ಜ-ಅಜ್ಜಿಯರೇ,

ಈ ವಾರ ನಿಮಗೆ ನನ್ನದೇ ಒಂದು ತಪ್ಪಿನ ಕಥೆ ಹೇಳುತ್ತೇನೆ. ಅದು ನಡೆದದ್ದು ನಮ್ಮ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಕರಿಬೇವಿನ ಗಿಡದ ಹತ್ತಿರ.

ಆಷಾಢದ ಮಳೆ ಬಿದ್ದು ಗಿಡದ ತುಂಬಾ ಎಳೆ ಚಿಗುರು ಬಂದಿತ್ತು. ಬೆಳಗ್ಗೆ ಉಪ್ಪಿಟ್ಟಿಗೆ ಎಣ್ಣೆ ಕಾಯಲು ಇಟ್ಟಿದ್ದೆ. ನಾಲ್ಕನೇ ತರಗತಿಯಲ್ಲಿ ಓದುವ ಮೊಮ್ಮಗಳನ್ನು ಕರೆದು, "ಪುಟ್ಟಿ, ಓಡಿಹೋಗಿ ಎರಡು ಕಡ್ಡಿ ಕರಿಬೇವು ಕಿತ್ಕೊಂಡು ಬಾ" ಎಂದೆ. ಹೋದವಳು ಬರಲೇ ಇಲ್ಲ. ಸಾಸಿವೆ ಚಟಪಟ ಸಿಡಿದು ಸುಮ್ಮನಾಯಿತು. ಉದ್ದಿನಬೇಳೆ ಕೆಂಪಾಗಿ ಕಪ್ಪಾಗತೊಡಗಿತು. ಒಲೆ ಆರಿಸಿ ಹೋಗಿ ನೋಡಿದರೆ ಹುಡುಗಿ ಗಿಡದ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಾಳೆ.

"ಅಜ್ಜಿ, ಎಲೆ ಮೇಲೆ ಹಕ್ಕಿ ಹಿಕ್ಕೆ ಇದೆ. ಆದ್ರೆ ಅದು ನಡೀತಾ ಇದೆ!"

ಬಗ್ಗಿ ನೋಡಿದೆ. ಕಂದು ಮೈ, ನಡುವೆ ಬಿಳಿ ಪಟ್ಟೆ, ಉಗುರಿನಷ್ಟು ಉದ್ದ. ನನಗೆ ಅದರ ಪರಿಚಯ ಚೆನ್ನಾಗಿಯೇ ಇತ್ತು. ಪ್ರತಿ ಮಳೆಗಾಲದಲ್ಲೂ ನನ್ನ ಕರಿಬೇವನ್ನು ಬೋಳು ಮಾಡುವ ಹುಳ ಅದು. ಅದಕ್ಕೆ ಮದ್ದೂ ನನಗೆ ಗೊತ್ತಿತ್ತು: ಒಂದು ಚೊಂಬಿನಲ್ಲಿ ಸೋಪಿನ ನೀರು, ಒಂದು ಕಡ್ಡಿ. ಹುಳವನ್ನು ತಟ್ಟಿ ನೀರಿಗೆ ಬೀಳಿಸಿದರೆ ಕೆಲಸ ಮುಗಿಯಿತು. ಚೊಂಬು ತಂದೆ.

ಪುಟ್ಟಿ ಗಿಡಕ್ಕೆ ಅಡ್ಡ ನಿಂತಳು. "ಅಜ್ಜಿ, ಮೊನ್ನೆ ನೀನೇ ಹೇಳ್ದೆ ಅಲ್ವಾ, ನೀನು ಚಿಕ್ಕವಳಿದ್ದಾಗ ಹಿತ್ತಲ ತುಂಬಾ ಚಿಟ್ಟೆ ಇರ್ತಿದ್ವು, ಈಗ ಎಲ್ಲಿ ಹೋದ್ವೋ ಅಂತ. ಇದು ಚಿಟ್ಟೆ ಮರಿ ಆಗಿದ್ರೆ?"

ಚೊಂಬು ಕೈಯಲ್ಲೇ ಉಳಿಯಿತು. ಅವತ್ತು ಉಪ್ಪಿಟ್ಟಿಗೆ ಕರಿಬೇವು ಬೀಳಲಿಲ್ಲ.

ಸಂಜೆ ಅವಳ ಅಪ್ಪ ಒಂದು ಚಿಟ್ಟೆ ಪುಸ್ತಕ ತಂದುಕೊಟ್ಟ. ಪುಟ್ಟಿ ಹೇಳಿದ್ದೇ ನಿಜ. ಕರಿಬೇವಿನ ಮೇಲೆ ಸಾಮಾನ್ಯವಾಗಿ ಕಾಣುವ ಹುಳಗಳು ಎರಡು ಚಿಟ್ಟೆಗಳ ಮರಿಗಳು. ಒಂದು ಕಾಮನ್ ಮಾರ್ಮನ್, ಇನ್ನೊಂದು ನಿಂಬೆ ಚಿಟ್ಟೆ. ಕರಿಬೇವು, ನಿಂಬೆ, ಬಿಲ್ವ ಮೂರೂ ಒಂದೇ ಕುಟುಂಬದ ಗಿಡಗಳು. ಮೂರರ ಎಲೆಯನ್ನೂ ಹೊಸಕಿ ಮೂಸಿ ನೋಡಿ, ಘಮ್ಮೆನ್ನುವ ಎಣ್ಣೆಯಂಶ ಮೂರರಲ್ಲೂ ಇದೆ. ಈ ಚಿಟ್ಟೆಗಳು ಮೊಟ್ಟೆ ಇಡುವುದು ಅಂಥ ಗಿಡಗಳ ಮೇಲೆ. ಬೇರೆ ಗಿಡದಲ್ಲಿ ಇಟ್ಟರೆ ಮರಿಗಳು ಎಲೆ ತಿನ್ನದೆ ಸಾಯುತ್ತವೆ.

ಹಾಗಾದರೆ ನಾನು 20 ವರ್ಷ ಸೋಪಿನ ನೀರಿಗೆ ಹಾಕಿದ್ದು ಏನನ್ನು? ಹಿತ್ತಲಲ್ಲಿ ನಿಂತು "ಚಿಟ್ಟೆಗಳು ಎಲ್ಲಿ ಹೋದವೋ" ಎಂದು ನಿಟ್ಟುಸಿರು ಬಿಡುತ್ತಿದ್ದವಳೂ ನಾನೇ, ಅವುಗಳನ್ನು ಚೊಂಬಿನಲ್ಲಿ ಮುಳುಗಿಸುತ್ತಿದ್ದವಳೂ ನಾನೇ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ನಿಮ್ಮಲ್ಲೂ ಯಾರಾದರೂ ಚೊಂಬು ಹಿಡಿದು ನಿಂತಿರಬಹುದು, ಅದಕ್ಕಾಗಿ ಹೇಳುತ್ತಿದ್ದೇನೆ.

ಮರುದಿನ ಪುಟ್ಟಿ ಎಣಿಸಿದಳು. ಒಟ್ಟು 11 ಹುಳಗಳು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ "11" ಎಂದು ಬರೆದಳು. ದಿನವೂ ಶಾಲೆಗೆ ಹೋಗುವ ಮುಂಚೆ ಎಣಿಸಿ ಬರೆಯುವುದು ಎಂದು ಒಪ್ಪಂದವಾಯಿತು. ನನ್ನ ಕಡೆಯಿಂದಲೂ ಒಂದು ಒಪ್ಪಂದ: ಮೇಲಿನ ಕೊಂಬೆಗಳ ಎಲೆ ಅಡುಗೆಗೆ, ಕೆಳಗಿನವು ಹುಳಗಳಿಗೆ.

ಹುಳಗಳು ತಿಂದವು, ಮಲಗಿದವು, ಪೊರೆ ಕಳಚಿದವು, ಮತ್ತೆ ತಿಂದವು. ಹಾವಿನ ಹಾಗೆ ಇವೂ ಬಿಗಿಯಾದ ಹಳೆ ಚರ್ಮವನ್ನು ಕಳಚುತ್ತಲೇ ಬೆಳೆಯುತ್ತವೆ. ಚಿಕ್ಕವಿದ್ದಾಗ ಹಕ್ಕಿ ಹಿಕ್ಕೆಯಂತೆ ಕಾಣುವುದು ಬಚಾವಾಗಲು. ಹಿಕ್ಕೆಯನ್ನು ಯಾವ ಹಕ್ಕಿ ತಿನ್ನುತ್ತದೆ? ನಾಲ್ಕನೇ ಸಲ ಪೊರೆ ಕಳಚಿದ ಮೇಲೆ ಹುಳ ಹಚ್ಚಹಸಿರಾಯಿತು. ಈಗ ಅದು ಬೆರಳಿನಷ್ಟು ದಪ್ಪ, ಹಿಕ್ಕೆಯ ವೇಷ ಇನ್ನು ನಡೆಯುವುದಿಲ್ಲ. ಹಾಗಾಗಿ ಎಲೆಯ ವೇಷ. ಪುಟ್ಟಿ ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿದಳು. ತಲೆಯ ಹಿಂದಿನಿಂದ ಫಕ್ಕನೆ ಎರಡು ಕೆಂಪು ಕೊಂಬು ಹೊರಬಂದವು, ಜೊತೆಗೇ ಕಟುವಾದ ವಾಸನೆ. "ಥೂ, ಅಜ್ಜಿ!" ಎಂದು ಎರಡು ಹೆಜ್ಜೆ ಹಿಂದಕ್ಕೆ ಹಾರಿದಳು. ಇರುವೆಗೂ ಹಾಗೇ ಆಗಲಿ ಎಂದೇ ಆ ಏರ್ಪಾಡು.

ಆದರೆ ಕ್ಯಾಲೆಂಡರಿನ ಸಂಖ್ಯೆ ಇಳಿಯುತ್ತಲೇ ಹೋಯಿತು. 11 ಇದ್ದದ್ದು 9, ಆಮೇಲೆ 7. ಒಂದು ಬೆಳಗ್ಗೆ ನಾವಿಬ್ಬರೂ ನೋಡುತ್ತಿದ್ದಂತೆಯೇ ಒಂದು ದರ್ಜಿ ಹಕ್ಕಿ, ಹಳ್ಳಿ ಕಡೆ ಸಿಂಪಿಗ ಎನ್ನುತ್ತಾರಲ್ಲ ಅದೇ, ಬಾಲ ಎತ್ತಿಕೊಂಡು ಬಂದು ಒಂದು ಹುಳವನ್ನು ಕಚ್ಚಿಕೊಂಡು ಬೇಲಿಯತ್ತ ಹಾರಿತು. ಪುಟ್ಟಿಗೆ ಅಳು ಬಂತು. "ಅದನ್ನ ಓಡಿಸ್ಬೇಕಿತ್ತು ಅಜ್ಜಿ!"

ಅವಳನ್ನು ಬೇಲಿಯ ಹತ್ತಿರ ಕರೆದುಕೊಂಡು ಹೋದೆ. ಎರಡು ಅಗಲ ಎಲೆಗಳನ್ನು ನಾರಿನಿಂದ ಹೊಲಿದು ಮಾಡಿದ ಗೂಡು. ಒಳಗಿನಿಂದ ಚೀಂಚೀಂ ಸದ್ದು. ನಾವು ದೂರದಲ್ಲೇ ನಿಂತೆವು. "ನೋಡು, ಹುಳ ಎಲ್ಲಿಗೆ ಹೋಯ್ತು ಗೊತ್ತಾಯ್ತಾ?" ಎಂದೆ. ಮಕ್ಕಳೇ, ಕಾಳು ತಿನ್ನುವ ಗುಬ್ಬಚ್ಚಿ ಕೂಡ ತನ್ನ ಎಳೆ ಮರಿಗಳಿಗೆ ಹುಳವನ್ನೇ ತಿನ್ನಿಸುತ್ತದೆ. ಮೆತ್ತಗಿರುವ, ಸತ್ವವಿರುವ ಆಹಾರ ಅದು. ಹುಳವಿಲ್ಲದ ಹಿತ್ತಲಲ್ಲಿ ಮರಿ ಸಾಕುವುದು ಹಕ್ಕಿಗೆ ಕಷ್ಟ. ನಾವು ಜಗಲಿಯಲ್ಲಿ ಎಷ್ಟು ಅಕ್ಕಿ ಚೆಲ್ಲಿದರೂ ಆ ಕೊರತೆ ತುಂಬುವುದಿಲ್ಲ.

ಪುಟ್ಟಿ ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಸಿಂಪಿಗನಿಗೂ ಸೇರಿಸಿ ಹುಳ ಇರ್ಬೇಕು" ಎಂದಳು. ಇಡೀ ಪುಸ್ತಕ ಓದಿದ್ದರೂ ನಾನು ಇದನ್ನು ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ಎರಡು ವಾರವಾಗುವಷ್ಟರಲ್ಲಿ 4 ಹುಳ ಉಳಿದಿದ್ದವು. ಆಮೇಲೆ ಅವೂ ಕಾಣೆಯಾದವು. ಪೂರ್ತಿ ಬೆಳೆದ ಹುಳ ಗಿಡ ಬಿಟ್ಟು ಅಲ್ಲಿ ಇಲ್ಲಿ ಅಲೆದು ಕೋಶ ಕಟ್ಟುತ್ತದೆ. ಹುಡುಕಿದಾಗ ಎರಡು ಸಿಕ್ಕವು. ಒಂದು ಕರಿಬೇವಿನ ಕಾಂಡದಲ್ಲೇ, ಹಸಿರು ಬಣ್ಣ. ಇನ್ನೊಂದು ಒಗೆಯುವ ಕಲ್ಲಿನ ಹಿಂದಿನ ಗೋಡೆಯಲ್ಲಿ, ಕಂದು ಬಣ್ಣ. ಸುತ್ತಲಿನ ಬಣ್ಣಕ್ಕೆ ತಕ್ಕ ಅಂಗಿ! ಸೊಂಟಕ್ಕೆ ರೇಷ್ಮೆಯ ಎಳೆಯೊಂದನ್ನು ಕಟ್ಟಿಕೊಂಡು, ತೆಂಗಿನಮರ ಹತ್ತುವವರು ಹಗ್ಗಕ್ಕೆ ಒರಗಿದ ಹಾಗೆ ಹಿಂದಕ್ಕೆ ಬಾಗಿ ನಿಂತಿದ್ದವು.

ಒಂದು ವಾರ ಕಳೆದ ಮೇಲೆ ಕಂದು ಕೋಶದಲ್ಲಿ ಸಣ್ಣದೊಂದು ತೂತು ಕಾಣಿಸಿತು. ಅದರಿಂದ ಸಾಸಿವೆಗಿಂತ ಚಿಕ್ಕ ಕಣಜಗಳು ಒಂದಾದ ಮೇಲೊಂದು ಹೊರಬಂದವು. ಚಿಟ್ಟೆ ಬರಲಿಲ್ಲ. ಕೋಶ ಆಗಷ್ಟೇ ಕಟ್ಟಿದಾಗ ತಾಯಿ ಕಣಜ ಅದರೊಳಗೆ ಮೊಟ್ಟೆ ಇಟ್ಟು ಹೋಗಿರುತ್ತದೆ. ಕಣಜದ ಮರಿಗಳಿಗೆ ಅದೇ ಊಟ, ಅದೇ ಮನೆ. ಪುಟ್ಟಿ ಕೋಪದಿಂದ ಪೊರಕೆ ಹುಡುಕಿದಳು.

"ತಾಳು" ಎಂದರು ಅವಳ ತಾತ. ಗಿಡ-ಹುಳ ಎಂದರೆ ಪತ್ರಿಕೆಯಿಂದ ತಲೆಯೆತ್ತದ ನಮ್ಮ ಮನೆಯವರು ಅವತ್ತು ಮಾತ್ರ ಎದ್ದು ಬಂದಿದ್ದರು. "ಹನ್ನೊಂದಕ್ಕೆ ಹನ್ನೊಂದೂ ಚಿಟ್ಟೆ ಆಗಿದ್ರೆ, ಅವೆಲ್ಲ ಮತ್ತೆ ಹತ್ತಾರು ಮೊಟ್ಟೆ ಇಟ್ಟಿದ್ರೆ, ನಿಮ್ಮಜ್ಜಿ ಗಿಡದಲ್ಲಿ ಒಂದು ಎಲೆ ಉಳೀತಿತ್ತಾ? ಸೋಪಿನ ನೀರು ಇಲ್ದೆ ಗಿಡ ಕಾಯೋರು ಈ ಕಣಜಗಳೇ ಕಣಮ್ಮ."

ಆ ಮಾತು ನನಗೂ ತಾಗಿತು. ಔಷಧಿ ಸಿಂಪಡಿಸಿದರೆ ಹುಳದ ಜೊತೆ ಕಣಜವೂ ಸಾಯುತ್ತದೆ. ಮುಂದಿನ ಸಲ ಹುಳ ಬಂದರೆ ತಡೆಯಲು ಯಾರೂ ಇರುವುದಿಲ್ಲ. ಮತ್ತೆ ಔಷಧಿ, ಮತ್ತೆ ಖರ್ಚು. ಆ ಎಲೆ ನಮ್ಮ ಸಾರಿಗೇ ತಾನೇ ಬೀಳುವುದು?

ಕೋಶ ಕಟ್ಟಿದ 11ನೇ ದಿನ ಹಸಿರು ಕೋಶ ಕಪ್ಪಾಯಿತು. ಮರುದಿನ ಬೆಳಗ್ಗೆ ಪುಟ್ಟಿ ಯೂನಿಫಾರಂ ಹಾಕಿಕೊಂಡು, ಒಂದು ಜಡೆ ಮಾತ್ರ ಹೆಣೆದಿದ್ದಾಗ ಹಿತ್ತಲಿನಿಂದ ತಾತ ಕೂಗಿದರು. ಓಡಿಹೋದೆವು. ಕೋಶ ಬಿರಿದು, ಮುದುರಿದ ಒದ್ದೆ ಬಟ್ಟೆಯಂಥ ರೆಕ್ಕೆಗಳ ಚಿಟ್ಟೆಯೊಂದು ಹೊರಬಂದು ನೇತಾಡುತ್ತಿತ್ತು. ರೆಕ್ಕೆಯ ನರಗಳಿಗೆ ಮೈಯೊಳಗಿನ ದ್ರವ ತುಂಬುತ್ತಿದ್ದಂತೆ ಮಡಿಕೆಗಳು ಬಿಡಿಸಿಕೊಂಡವು. ಕಪ್ಪು ರೆಕ್ಕೆ, ಹಿಂದಿನ ರೆಕ್ಕೆಯ ನಡುವೆ ಬಿಳಿ ಮಚ್ಚೆ, ಅಂಚಿನಲ್ಲಿ ಕೆಂಪು ಚುಕ್ಕೆಗಳ ಸಾಲು. ಶಾಲೆಯ ವ್ಯಾನು ಎರಡು ಸಲ ಹಾರ್ನ್ ಹೊಡೆಯಿತು. ಪುಟ್ಟಿ ಒಂದೇ ಜಡೆಯಲ್ಲಿ ಶಾಲೆಗೆ ಹೋದಳು. ರೆಕ್ಕೆ ಒಣಗಿಸಿಕೊಂಡು ಚಿಟ್ಟೆ ಹಾರಿದ್ದು ಆಮೇಲೆ, ಅದನ್ನು ನೋಡಿದ್ದು ನಾನೊಬ್ಬಳೇ.

ಸಂಜೆ ಪುಸ್ತಕ ತೆರೆದರೆ ಒಂದು ಗೊಂದಲ. ಚಿತ್ರದಲ್ಲಿ ಆ ಬಣ್ಣದ ಚಿಟ್ಟೆಯ ಹೆಸರು ಕಾಮನ್ ರೋಸ್ ಎಂದಿತ್ತು. ಆದರೆ ಕಾಮನ್ ರೋಸಿನ ಮರಿಗಳು ಕರಿಬೇವು ತಿನ್ನುವುದೇ ಇಲ್ಲ! ಅವು ತಿನ್ನುವುದು ಈಶ್ವರಿ ಬಳ್ಳಿಯ ಎಲೆ. ಆ ಎಲೆಯ ವಿಷವನ್ನು ಮರಿ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ, ಚಿಟ್ಟೆಯಾದ ಮೇಲೂ ಅದು ಇರುತ್ತದೆ. ಒಮ್ಮೆ ಕಚ್ಚಿ ಕಹಿ ಉಂಡ ಹಕ್ಕಿ ಮತ್ತೆ ಆ ಕೆಂಪು-ಬಿಳಿ ಗುರುತಿನ ತಂಟೆಗೆ ಹೋಗುವುದಿಲ್ಲ. ನಮ್ಮ ಕಾಮನ್ ಮಾರ್ಮನ್ನಿನಲ್ಲಿ ವಿಷವಿಲ್ಲ. ಹಾಗಾಗಿ ಅದರ ಹೆಣ್ಣುಗಳಲ್ಲಿ ಕೆಲವು ಕಾಮನ್ ರೋಸಿನ ವೇಷ ಹಾಕುತ್ತವೆ, ಇನ್ನು ಕೆಲವು ಅದರ ನೆಂಟ ಕ್ರಿಮ್ಸನ್ ರೋಸಿನದು. ಯಕ್ಷಗಾನದವರ ಹಾಗೆ! ಗುರುತಿಸಲು ಒಂದು ದಾರಿ ಇದೆ: ಕಾಮನ್ ರೋಸಿನ ಮೈ ಕೆಂಪು, ವೇಷಧಾರಿಯ ಮೈ ಕಪ್ಪು. ನಮ್ಮದರ ಮೈ ಕಪ್ಪಗಿತ್ತು.

ಪುಟ್ಟಿ ಕೇಳಿದಳು: "ಈಶ್ವರಿ ಬಳ್ಳಿ ಎಲ್ಲಾ ಕಡಿದುಹಾಕಿ ನಿಜವಾದ ವಿಷದ ಚಿಟ್ಟೆನೇ ಇಲ್ದೆ ಹೋದ್ರೆ?" ಆಗ ಕಹಿಯ ಪಾಠ ಕಲಿಯದ ಹಕ್ಕಿಗೆ ವೇಷ ಕಂಡರೂ ಭಯವಿಲ್ಲ. ಒಂದು ಬಳ್ಳಿ ಹೋದರೆ ಅದನ್ನು ತಿನ್ನುವ ಚಿಟ್ಟೆಗೂ ಕಷ್ಟ, ಕರಿಬೇವು ತಿನ್ನುವ ಚಿಟ್ಟೆಗೂ ಕಷ್ಟ. ಹಿತ್ತಲು ಎಂದರೆ ಹೀಗೆ ಒಂದಕ್ಕೊಂದು ಗಂಟು ಹಾಕಿದ ಲೆಕ್ಕ.

ಇಲ್ಲಿ ಕೆಲವರು ಕೇಳಬಹುದು: "ಲಂಟಾನದ ಹೂವಿಗೂ ಚಿಟ್ಟೆ ಬರುತ್ತವಲ್ಲ, ಅದೇ ಸಾಲದೇ?" ಬರುತ್ತವೆ, ನಿಜ. ಆದರೆ ಹೋಟೆಲಿಗೆ ಕಾಫಿ ಕುಡಿಯಲು ಹೋಗುವುದು ಬೇರೆ, ಬಾಣಂತನಕ್ಕೆ ತವರಿಗೆ ಹೋಗುವುದು ಬೇರೆ. ಲಂಟಾನ ಅಮೆರಿಕ ಖಂಡದ ಬಿಸಿ ನಾಡುಗಳ ಗಿಡ. ಬ್ರಿಟಿಷರ ಕಾಲದಲ್ಲಿ ಅಲಂಕಾರಕ್ಕೆಂದು ಇಲ್ಲಿಗೆ ಬಂದು ಈಗ ನಮ್ಮ ಕಾಡುಗಳನ್ನೇ ಆವರಿಸಿದೆ. ಅದರ ಮಕರಂದ ಕುಡಿದ ಚಿಟ್ಟೆ ಮೊಟ್ಟೆ ಇಡಲು ಬೇರೆ ಗಿಡ ಹುಡುಕಿಕೊಂಡು ಹೋಗಬೇಕು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಈ ಲಂಟಾನವನ್ನೇ ಕಡಿದು, ಬೇಯಿಸಿ, ಸಿಪ್ಪೆ ಸುಲಿದು ಕುರ್ಚಿ-ಮೇಜು ಮಾಡುತ್ತಾರೆ. ಆ ಗಿಡಕ್ಕೆ ಅದು ಒಳ್ಳೆಯ ಗತಿ.

ನಮ್ಮ ನೆಲದ ಗಿಡಗಳೂ ನಮ್ಮ ನೆಲದ ಹುಳಗಳೂ ಲಕ್ಷಾಂತರ ವರ್ಷಗಳಿಂದ ಜೊತೆಯಲ್ಲಿ ಬದುಕಿವೆ. ಗಿಡ ಎಲೆಯಲ್ಲಿ ವಿಷವನ್ನೋ ಕಟುವಾಸನೆಯನ್ನೋ ತುಂಬಿಕೊಂಡಿತು. ಯಾವುದೋ ಒಂದು ಚಿಟ್ಟೆ ಅದನ್ನು ಅರಗಿಸಿಕೊಳ್ಳಲು ಕಲಿತು ಅದನ್ನೇ ನೆಚ್ಚಿಕೊಂಡಿತು. ತಾಯಿ ಚಿಟ್ಟೆ ಎಲೆಯನ್ನು ಗುರುತಿಸುವುದು ಹೇಗೆ ಗೊತ್ತೇ? ಕಾಲಿನಿಂದ! ಎಲೆಯ ಮೇಲೆ ಮುಂಗಾಲಿನಿಂದ ತಟತಟ ತಟ್ಟಿ ರುಚಿ ನೋಡಿ, ಸರಿಯಾದ ಗಿಡವೇ ಎಂದು ಖಾತ್ರಿಯಾದ ಮೇಲೆ ಮೊಟ್ಟೆ ಇಡುತ್ತದೆ.

ಇನ್ನು ನಿಮ್ಮ ಮನೆಯ ವಿಷಯಕ್ಕೆ ಬರೋಣ. ಜಾಗ ಎಷ್ಟಿದೆ ಎನ್ನುವುದರ ಮೇಲೆ ಗಿಡ ಆರಿಸಿಕೊಳ್ಳಿ.

ಬಾಲ್ಕನಿ ಮಾತ್ರ ಇದ್ದರೆ: ದೊಡ್ಡ ಕುಂಡದಲ್ಲಿ ಒಂದು ಕರಿಬೇವು, ಇನ್ನೊಂದು ಕುಂಡದಲ್ಲಿ ತುಂಬೆ. ತುಂಬೆಯ ಪುಟ್ಟ ಬಿಳಿ ಹೂವಿನಲ್ಲಿ ಮಕರಂದ ಧಾರಾಳ, ಜೇನಿಗೂ ಚಿಟ್ಟೆಗೂ ಪ್ರಿಯ. ಶಿವಪೂಜೆಗೂ ಆಗುತ್ತದೆ. ಕುಂಡದಲ್ಲಿ ಬಿತ್ತುವುದೇ ಬೇಡ, ಖಾಲಿ ಸೈಟಿನಲ್ಲಿ ಒಣಗಿದ ತುಂಬೆಯ ತೆನೆಯನ್ನು ತಂದು ಉದುರಿಸಿದರೆ ಮಳೆಗೆ ತಾನೇ ಹುಟ್ಟುತ್ತದೆ.

ಅಂಗೈಯಗಲ ಅಂಗಳವಿದ್ದರೆ: ಗೋರಂಟೆ ಹೂವಿನ ಗಿಡ. ಅಜ್ಜಿಯಂದಿರು ದಂಡೆ ಕಟ್ಟುತ್ತಿದ್ದ ಅದೇ ಹೂವು. ಕಣ್ಣಿನಂಥ ಚುಕ್ಕೆಗಳಿರುವ ಲೆಮನ್ ಪ್ಯಾನ್ಸಿ ಚಿಟ್ಟೆಯ ಮರಿಗಳಿಗೆ ಅದರ ಎಲೆ ಊಟ. ಬೇಲಿಯ ಮೂಲೆಯಲ್ಲಿ ಎಕ್ಕ ತಾನಾಗಿ ಹುಟ್ಟಿದ್ದರೆ ಕೀಳಬೇಡಿ. ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆ ಅದರಲ್ಲಿ ಮೊಟ್ಟೆ ಇಡುತ್ತದೆ. ಗುಂಯ್ ಎನ್ನುವ ದೊಡ್ಡ ಕಪ್ಪು ದುಂಬಿ ಎಕ್ಕದ ಹೂವಿಗೆ ಬಂದೇ ಬರುತ್ತದೆ.

ಹಿತ್ತಲು ಇದ್ದರೆ: ಬಿಲ್ವ, ನಿಂಬೆ, ಕಕ್ಕೆ. ಬೇಸಿಗೆಯಲ್ಲಿ ಹಳದಿ ಗೊಂಚಲು ಬಿಡುವ ಕಕ್ಕೆಯ ಚಿಗುರು ತಿಳಿಹಳದಿಯ ಎಮಿಗ್ರಂಟ್ ಚಿಟ್ಟೆಗಳಿಗೆ ಬಾಣಂತಿ ಕೋಣೆ.

ತೋಟ, ಹೊಲ, ಶಾಲೆಯ ಮೈದಾನವಿದ್ದರೆ: ಹೊಂಗೆ, ಮುತ್ತುಗ, ಅತ್ತಿ. ಎಲೆಯೆಲ್ಲ ಉದುರಿ ಬರೀ ಕೆಂಡದಂಥ ಹೂವಿನಿಂದ ತುಂಬಿದ ಮುತ್ತುಗಕ್ಕೆ ಸೂರಕ್ಕಿ, ಮೈನಾಗಳು ಮುತ್ತುತ್ತವೆ. ಅತ್ತಿಯ ಹಣ್ಣಿಗೆ ಹಗಲು ಕುಟ್ರುಹಕ್ಕಿ, ರಾತ್ರಿ ಬಾವಲಿ. ಮಲೆನಾಡು, ಕರಾವಳಿಯವರಾದರೆ ಮರದ ಬುಡದಲ್ಲಿ ಈಶ್ವರಿ ಬಳ್ಳಿ ಹಬ್ಬಿಸಿ. ಅದೃಷ್ಟವಿದ್ದರೆ ಕಪ್ಪು ಮುಂರೆಕ್ಕೆ, ಹೊನ್ನಿನ ಹಿಂರೆಕ್ಕೆಯ ಸದರ್ನ್ ಬರ್ಡ್‌ವಿಂಗ್ ಬಂದೀತು. ನಮ್ಮ ಕರ್ನಾಟಕದ ರಾಜ್ಯ ಚಿಟ್ಟೆ ಅದು. ಭಾರತದ ಅತಿ ದೊಡ್ಡ ಚಿಟ್ಟೆಗಳಲ್ಲಿ ಒಂದು, ರೆಕ್ಕೆ ಬಿಚ್ಚಿದರೆ ದೊಡ್ಡವರ ಅಂಗೈಗಿಂತ ಅಗಲ.

ಸಸಿಗಳು ಎಲ್ಲಿ ಸಿಗುತ್ತವೆ? ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಹೊಂಗೆ, ಬಿಲ್ವ, ಕಕ್ಕೆ, ಅತ್ತಿ ಕಡಿಮೆ ಬೆಲೆಗೆ ಸಿಗುತ್ತವೆ, ಮಳೆಗಾಲದ ಆರಂಭಕ್ಕೆ ಹೋಗಿ ಕೇಳಿ. ಕರಿಬೇವಿಗೆ ದುಡ್ಡೇ ಬೇಡ. ದೊಡ್ಡ ಗಿಡದ ಬೇರಿನಿಂದ ಎದ್ದ ಮರಿಗಿಡವನ್ನು ಬೇರು ಸಮೇತ ಅಗೆದು ತನ್ನಿ. ಇಲ್ಲವೇ ಕಪ್ಪಾಗಿ ಹಣ್ಣಾದ ಕಾಯಿ ತಂದು, ತಿರುಳು ತೆಗೆದು, ಕೂಡಲೇ ಬಿತ್ತಿ. ಬೀಜ ಒಣಗಿಸಿ ಡಬ್ಬದಲ್ಲಿಟ್ಟರೆ ಮೊಳೆಯುವುದಿಲ್ಲ. ನರ್ಸರಿಯಿಂದ ತಂದ ಗಿಡಕ್ಕೆ ಔಷಧಿ ಹೊಡೆದಿರಬಹುದು. ಅದರಲ್ಲಿ ಹೊಸ ಚಿಗುರು ಬರುವ ತನಕ ಚಿಟ್ಟೆಯ ದಾರಿ ಕಾಯಬೇಡಿ.

ಕೆಲವು ಎಚ್ಚರಿಕೆಯ ಮಾತುಗಳು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಮಕ್ಕಳೇ, ಆ ಗಿಡವನ್ನು ನೋಡಿ, ಆದರೆ ಎಲೆ ಮುರಿಯಬೇಡಿ. ಮೈತುಂಬ ಕೂದಲಿರುವ ಕಂಬಳಿಹುಳವನ್ನು ಬರಿಗೈಯಿಂದ ಮುಟ್ಟಬೇಡಿ, ತುರಿಕೆ ಏಳುತ್ತದೆ. ಅಜ್ಜ-ಅಜ್ಜಿಯರಿಗೂ ಒಂದು ಮಾತು: ಈಶ್ವರಿ ಬೇರು ಹಾವಿನ ವಿಷಕ್ಕೆ ಮದ್ದು ಎಂದು ನಾವು ಕೇಳಿಕೊಂಡು ಬೆಳೆದವರು. ಆ ಬಳ್ಳಿಯಲ್ಲಿರುವ ವಿಷ ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಅದು ಚಿಟ್ಟೆಗೆ ಊಟ, ನಮಗಲ್ಲ. ಹಾವು ಕಚ್ಚಿದರೆ ನೇರ ಆಸ್ಪತ್ರೆಗೆ ಹೋಗಿ.

"ಹಿತ್ತಲ ಗಿಡ ಮದ್ದಲ್ಲ" ಎನ್ನುವುದು ಹಳೆಯ ಗಾದೆ. ಕಣ್ಣೆದುರಿಗೇ ಇರುವುದರ ಬೆಲೆ ನಮಗೆ ತಿಳಿಯುವುದಿಲ್ಲ ಎಂದು ಅದರ ಅರ್ಥ. ನನಗಂತೂ ತಿಳಿಯಲು 20 ವರ್ಷ ಮತ್ತು ಒಬ್ಬ ಮೊಮ್ಮಗಳು ಬೇಕಾಯಿತು.

ಈ ವಾರದ ಕೆಲಸ

ಮಕ್ಕಳಿಗೆ: ಮನೆಯ ಅಥವಾ ಬೀದಿಯ ಒಂದು ಕರಿಬೇವು ಇಲ್ಲವೇ ನಿಂಬೆ ಗಿಡವನ್ನು ಆರಿಸಿಕೊಳ್ಳಿ. ಎಳೆ ಎಲೆಗಳ ಮೇಲೂ ಕೆಳಗೂ ನೋಡಿ. ಗುಂಡುಸೂಜಿಯ ತಲೆಯಂಥ ತಿಳಿಹಳದಿ ಮೊಟ್ಟೆ, ಹಿಕ್ಕೆಯಂಥ ಮರಿ, ಹಸಿರು ಹುಳ, ಯಾವುದು ಎಷ್ಟು ಸಿಕ್ಕಿತು? ದಿನವೂ ಕ್ಯಾಲೆಂಡರಿನಲ್ಲಿ ಬರೆಯಿರಿ. ಸಂಖ್ಯೆ ಇಳಿದರೆ ಬೇಸರ ಬೇಡ, ಯಾರ ಹೊಟ್ಟೆ ತುಂಬಿತು ಎಂದು ಹುಡುಕಿ.

ಅಜ್ಜ-ಅಜ್ಜಿಯರಿಗೆ: ನಿಮ್ಮ ಬಾಲ್ಯದ ಹಿತ್ತಲಲ್ಲಿದ್ದ, ಈಗ ಕಾಣದ ಐದು ಗಿಡಗಳ ಹೆಸರನ್ನು ಮೊಮ್ಮಕ್ಕಳ ಕೈಯಲ್ಲಿ ಬರೆಸಿ. ಅವುಗಳ ಹೂವಿಗೆ, ಹಣ್ಣಿಗೆ ಯಾರು ಬರುತ್ತಿದ್ದರು ಎನ್ನುವುದನ್ನೂ ಹೇಳಿ. ಆ ಐದರಲ್ಲಿ ಒಂದನ್ನು ಈ ಮಳೆಗಾಲದಲ್ಲಿ ನೆಡಿ.

ನಮ್ಮ ಹಿತ್ತಲಲ್ಲಿ ಈಗ ಎರಡು ಕರಿಬೇವಿನ ಗಿಡಗಳಿವೆ. ದೊಡ್ಡದು ಒಗ್ಗರಣೆಗೆ. ಅದರ ಮರಿಯನ್ನು ಅಗೆದು ಬೇಲಿಯ ಬದಿಗೆ ನೆಟ್ಟಿದ್ದೇವೆ. ಅದು ಚಿಟ್ಟೆಗೆ, ಸಿಂಪಿಗನಿಗೆ, ಕಣಜಕ್ಕೆ. ದೊಡ್ಡ ಗಿಡದಲ್ಲಿ ಹುಳ ಸಿಕ್ಕರೆ ಪುಟ್ಟಿ ಅದನ್ನು ಎಲೆಯ ಸಮೇತ ಚಿಕ್ಕ ಗಿಡಕ್ಕೆ ಸಾಗಿಸುತ್ತಾಳೆ. ನಾನೂ ಒಂದು ಅಭ್ಯಾಸ ಬದಲಿಸಿಕೊಂಡಿದ್ದೇನೆ. ಮೊದಲು ಗಿಡದ ಹತ್ತಿರ ಹೋಗಿ, ಎಲೆ ತಿರುಗಿಸಿ ನೋಡಿ, ಯಾರೂ ಇಲ್ಲದ ಕಡ್ಡಿಯನ್ನು ಕಿತ್ತು ತರುತ್ತೇನೆ. ಒಲೆಯ ಮೇಲೆ ಎಣ್ಣೆ ಇಡುವುದು ಆಮೇಲೆ.

ಮುಂದಿನ ವಾರ ಸಿಗೋಣ.